ವೈರಲ್ ಆದ ಮರುದಿನ ಏನಾಯಿತು?

ಪತ್ರ: ರೀಲ್ಸ್‌ನಿಂದ ರಾತ್ರೋರಾತ್ರಿ ಹೆಸರಾದ ಬೆಣ್ಣೆದೋಸೆ ಹೋಟೆಲಿನ ಹುಡುಗನ ಮೇಲೆ ಗೆಳೆಯರು ಸೇರಿ ಸಣ್ಣ ಬಜೆಟ್ಟಿನ ವಿಡಂಬನೆ ಸಿನಿಮಾ ಮಾಡುತ್ತಿದ್ದೇವೆ. ಅವನು ವೈರಲ್ ಆಗುವವರೆಗಿನ ಅರ್ಧ ಗಂಟೆ ನೋಡಿದವರು ‘ಸ್ಕಿಟ್ ಥರ ಇದೆ’ ಅಂದರು. ಮೊಬೈಲ್ ಪರದೆ ಮೇಲೆ ಕಪ್ಪು ಪಟ್ಟಿ ಓಡುತ್ತದೆ, ಕಮೆಂಟು ಓದೋಕಾಗಲ್ಲ. ಎಲ್ಲಿ ತಪ್ಪಿದ್ದೇವೆ?
– ಓದುಗರು, ದಾವಣಗೆರೆ

ಸಂಪಾದಕರ ಉತ್ತರ: ಅರ್ಧ ಗಂಟೆ ಬಹಳವಾಯಿತು. ವೈರಲ್ ಆಗುವುದನ್ನು ಮೊದಲ ಹತ್ತು ನಿಮಿಷದಲ್ಲಿ ಮುಗಿಸಿಬಿಡಿ. ಜನ ದಿನಾ ಕಾಣುವ ಸಂಗತಿ ಅದು. ನಿಮ್ಮ ಸಿನಿಮಾ ಶುರುವಾಗುವುದು ಅವನ ಎರಡನೇ ವಿಡಿಯೊ ಓಡದಿದ್ದಾಗ. ಯೂಟ್ಯೂಬ್ ಶಾರ್ಟ್ಸ್ ನಂಬಿದವನಿಗೆ ಜಾಹೀರಾತಿನ ಹಣದಲ್ಲಿ ಪಾಲು ಸಿಗಬೇಕಾದರೆ 1,000 ಚಂದಾದಾರರ ಜೊತೆ 90 ದಿನದಲ್ಲಿ 1 ಕೋಟಿ ವೀಕ್ಷಣೆ ಬೇಕು. ಊರೆಲ್ಲ ಗುರುತು ಹಿಡಿಯುವ ಹುಡುಗನ ಖಾತೆಗೆ ಒಂದು ರೂಪಾಯಿಯೂ ಬಂದಿರುವುದಿಲ್ಲ. ಮನೆಯವರು ಮಾತ್ರ ಬಂದಿದೆ ಎಂದೇ ನಂಬಿರುತ್ತಾರೆ, ಕೈಸಾಲ ಕೇಳುವವರು ಬಾಗಿಲಿಗೆ ಬರುತ್ತಾರೆ. ಹಾಸ್ಯ ಈ ಲೆಕ್ಕದಲ್ಲಿದೆ, ಅದನ್ನು ಬಿಡಿಸಿ ತೋರಿಸಿ. ಅವನ ಮಾತಿನ ಧಾಟಿ, ಬಟ್ಟೆ, ಇಂಗ್ಲಿಷ್ ತಪ್ಪುಗಳನ್ನು ಆಡಿಕೊಂಡರೆ ಟ್ರೋಲ್ ಪೇಜುಗಳ ಕೆಲಸವನ್ನೇ ನೀವೂ ಮಾಡಿದಂತಾಗುತ್ತದೆ. ರಾತ್ರಿ ಅವನನ್ನು ಬೈದು ಕಮೆಂಟು ಹಾಕಿ, ಬೆಳಿಗ್ಗೆ ಸೆಲ್ಫಿಗೆ ಹೆಗಲು ಹಿಡಿಯುವವರ ಮೇಲೆ ಕ್ಯಾಮೆರಾ ಇಡಿ.

ಕಥೆ ನಡೆಯುವ ವರ್ಷವನ್ನೂ ಗಟ್ಟಿ ಮಾಡಿಕೊಳ್ಳಿ. ಟಿಕ್‌ಟಾಕ್ ನಿಷೇಧವಾದದ್ದು 2020ರ ಜೂನ್ 29ಕ್ಕೆ, ನಮ್ಮಲ್ಲಿ ರೀಲ್ಸ್ ಬಂದದ್ದು ಜುಲೈನಲ್ಲಿ. ಅದಕ್ಕೂ ಮುಂಚಿನ ಕಥೆಯಲ್ಲಿ ರೀಲ್ಸ್ ತೋರಿಸುವಂತಿಲ್ಲ.

ಕಪ್ಪು ಪಟ್ಟಿಗೆ ಕಾರಣ ಶಟರ್, ಅಂದರೆ ಒಂದೊಂದು ಫ್ರೇಮಿಗೆ ಕ್ಯಾಮೆರಾ ಬೆಳಕು ಒಳಬಿಡುವ ಅವಧಿ. ನಮ್ಮ ಕರೆಂಟು 50 ಹರ್ಟ್ಸ್. ಮೊಬೈಲ್ ಪರದೆ ಸಾಮಾನ್ಯವಾಗಿ 60 ಅಥವಾ 120, ಅಂದರೆ ಸೆಕೆಂಡಿಗೆ ಅಷ್ಟು ಸಲ ಹೊಸದಾಗುತ್ತದೆ. ಸೆಕೆಂಡಿಗೆ 25 ಫ್ರೇಮ್ ತೆಗೆಯುವಾಗ 1/50 ಸೆಕೆಂಡಿನ ಶಟರ್ ಇಟ್ಟರೆ ಟ್ಯೂಬ್‌ಲೈಟ್ ಮಿನುಗುವುದಿಲ್ಲ, ಪರದೆ ಮಾತ್ರ ಪಟ್ಟಿ ಹೊಡೆಯುತ್ತದೆ. ಪರದೆ ಕಾಣುವ ಶಾಟ್‌ಗಳಲ್ಲಿ ಫೋನನ್ನು 60 ಹರ್ಟ್ಸ್‌ಗೆ ನಿಲ್ಲಿಸಿ ಶಟರ್ 1/60 ಮಾಡಿ. ಆಗ ಟ್ಯೂಬ್‌ಲೈಟ್ ಕೈಕೊಡುತ್ತದೆ. ಅದನ್ನು ಆಫ್ ಮಾಡಿ ಕಿಟಕಿಯ ಬೆಳಕಿನಲ್ಲೋ ಮಿನುಗದ ಎಲ್‌ಇಡಿಯಲ್ಲೋ ತೆಗೆಯಿರಿ. ಆಟೊ ಬ್ರೈಟ್‌ನೆಸ್ ಆಫ್ ಇರಲಿ. ಓಎಲ್‌ಇಡಿ ಪರದೆಯ ಬೆಳಕನ್ನು ತೀರಾ ಇಳಿಸಿದರೆ ಪಟ್ಟಿ ಮರಳಿ ಬರಬಹುದು.

ಕಮೆಂಟು ಓದಲಾಗದಿರುವುದು ಚೌಕಟ್ಟಿನ ತೊಂದರೆ. 9:16ರ ನಿಂತ ವಿಡಿಯೊವನ್ನು ಸ್ಕೋಪ್ ಎಂಬ ಅಗಲ ಚೌಕಟ್ಟಿನಲ್ಲಿ (2048×858) ಇಟ್ಟರೆ ಅದರ ಅಗಲ ಸುಮಾರು 483 ಪಿಕ್ಸೆಲ್, ಪರದೆಯ ಕಾಲು ಭಾಗವೂ ಇಲ್ಲ. ಅಷ್ಟು ಅಗಲವಲ್ಲದ ಫ್ಲ್ಯಾಟ್ ಚೌಕಟ್ಟಿನಲ್ಲಿ (1998×1080) ಸುಮಾರು 608 ಸಿಗುತ್ತದೆ. ಇಂಥ ಕಥೆಗೆ ಫ್ಲ್ಯಾಟೇ ಸರಿ. ಕಮೆಂಟನ್ನು ಫೋನಿನ ಒಳಗೆ ತುರುಕದೆ ಪಕ್ಕದ ಖಾಲಿ ಜಾಗದಲ್ಲಿ ದೊಡ್ಡದಾಗಿ ಹಾಕಿ, ಒಮ್ಮೆಗೆ ಒಂದೇ. ಒತ್ತಕ್ಷರ ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಧಾರಾಳ ಜಾಗ ಬಿಡಿ. ಪ್ರೀಮಿಯರ್ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಒತ್ತು ಒಡೆದು ಕಂಡರೆ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಸೌತ್ ಏಷ್ಯನ್ ಟೆಕ್ಸ್ಟ್ ಎಂಜಿನ್ ಆರಿಸಿಕೊಳ್ಳಿ.

ಫೋನಿನಲ್ಲೇ ತೆಗೆದ ತುಣುಕುಗಳ ಫ್ರೇಮ್‌ರೇಟ್ ಏರಿಳಿಯುತ್ತಿರುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಪರಿವರ್ತಕ ಸಾಫ್ಟ್‌ವೇರ್‌ನಲ್ಲಿ ಅದನ್ನು ಕಾನ್ಸ್ಟಂಟ್ (ಒಂದೇ ಸಮ) ಮಾಡಿಕೊಂಡೇ ಎಡಿಟಿಂಗ್‌ಗೆ ಹಾಕಿ, ಇಲ್ಲದಿದ್ದರೆ ತುಟಿಗೂ ಮಾತಿಗೂ ಹೊಂದುವುದಿಲ್ಲ.

ನೀವು ಕೇಳದಿದ್ದರೂ ಹೇಳಲೇಬೇಕಾದದ್ದು ಹಾಡಿನ ವಿಷಯ. ಆ್ಯಪ್‌ನಲ್ಲಿ ಸಿಗುವ ಹಾಡುಗಳ ಪರವಾನಗಿ ಸಿನಿಮಾಕ್ಕೆ ನಡೆಯುವುದಿಲ್ಲ. ಹಕ್ಕುದಾರರ ಒಪ್ಪಿಗೆ ಬೇರೆಯೇ ಪಡೆಯಬೇಕು, ಅದಕ್ಕೆ ಹಣ ತೆರಬೇಕು. ಹುಡುಗ ವೈರಲ್ ಆಗುವ ಆ ಹದಿನೈದು ಸೆಕೆಂಡಿನ ಟ್ಯೂನನ್ನು ನಿಮ್ಮ ಸಂಗೀತ ನಿರ್ದೇಶಕರಿಂದಲೇ ಮಾಡಿಸಿ, ಅದೂ ಶೂಟಿಂಗಿಗೆ ಮುಂಚೆ. ಕುಣಿತ ತೆಗೆದ ಮೇಲೆ ಹಾಡು ಬದಲಾಯಿಸಿದರೆ ಹೆಜ್ಜೆ ಕೂಡುವುದಿಲ್ಲ, ಆ ದೃಶ್ಯವನ್ನು ಪೂರ್ತಿ ಮತ್ತೆ ತೆಗೆಯಬೇಕಾಗುತ್ತದೆ.
– ಸಂ.