ವಿಮಾನದೊಳಗೆ ಗರಗಸದ ಸದ್ದು

ಪ್ರಶ್ನೆ: ವಿಮಾನ ಮೇಲೇರುವಾಗ ಮುಂದಿನ ಸೀಟುಗಳಲ್ಲಿ ಗರಗಸ ಎಳೆದಂಥ ಸದ್ದು ಬರುತ್ತದೆ. ಇಳಿಯುವಾಗ ಇರುವುದಿಲ್ಲ. ಎಂಜಿನ್ ಕೆಟ್ಟಿದೆಯಾ ಸಾರ್?
– ಓದುಗರೊಬ್ಬರು, ಹಾಸನ

ಉತ್ತರ: ಇಲ್ಲ, ಸುಮ್ನೆ ಗಾಬರಿಯಾಗಬೇಡಿ. ಆ ಸದ್ದು ಕೇಳಲೆಂದೇ ನಾನು ಮುಂದಿನ ಸೀಟು ಕೇಳಿ ಪಡೆಯುತ್ತೇನೆ! ಟೇಕಾಫ್‌ನಲ್ಲಿ ಎಂಜಿನ್ನಿನ ಮುಂಭಾಗದ ದೊಡ್ಡ ಫ್ಯಾನಿನ ಬ್ಲೇಡಿನ ತುದಿ ಶಬ್ದಕ್ಕಿಂತ ವೇಗವಾಗಿ ಸುತ್ತುತ್ತದೆ. ಪ್ರತಿ ತುದಿಯಲ್ಲೂ ಒಂದು ಆಘಾತದ ಅಲೆ. ಬ್ಲೇಡುಗಳಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇರುತ್ತದೆ, ಹಾಗಾಗಿ ಅಲೆಗಳೂ ಒಂದೇ ಸಮ ಇರುವುದಿಲ್ಲ. ಗರಗಸದ ಸದ್ದು ಅದೇ.

ಇಳಿಯುವಾಗ ವೇಗ ಕಡಿಮೆ. ಆಗ ಫ್ಯಾನಿನ ಗಾಳಿ ಹಿಂದಿರುವ, ಅಲುಗಾಡದ ಪಟ್ಟಿಗಳಿಗೆ ಬಡಿಯುವ ಸದ್ದೇ ಮುಖ್ಯ. ಇದರ ಲೆಕ್ಕವನ್ನು 1962ರಲ್ಲಿ ಎಂಜಿನಿಯರ್‌ಗಳಾದ ಟೈಲರ್ ಮತ್ತು ಸಾಫ್ರಿನ್ ಕೊಟ್ಟರು. 22 ಬ್ಲೇಡು, 30 ಪಟ್ಟಿ ಎನ್ನಿ. ವ್ಯತ್ಯಾಸ 8. ಫ್ಯಾನನ್ನು ಸುತ್ತುವರಿದ ಕೊಳವೆಯೊಳಗೆ 8 ಉಬ್ಬುಗಳ ಒತ್ತಡದ ಅಲೆ ಹುಟ್ಟಿ, ಫ್ಯಾನಿನ 2.75 ಪಟ್ಟು ವೇಗದಲ್ಲಿ (22/8) ಸುತ್ತುತ್ತದೆ. ಅಲೆ ಶಬ್ದದ ವೇಗ ದಾಟಿತು, ಅಂದರೆ ಸದ್ದು ಹೊರಗೆ ಬಂತು. ಪಟ್ಟಿ 50 ಮಾಡಿ. ವ್ಯತ್ಯಾಸ 28, ಅಲೆ ಫ್ಯಾನಿಗಿಂತ ನಿಧಾನ, ಶಬ್ದದ ವೇಗ ದಾಟುವುದಿಲ್ಲ. ಸದ್ದು ಕೊಳವೆಯಲ್ಲೇ ಅಡಗಿತು. ಜಾಣತನ ಅಲ್ವಾ?

ಆದರೆ ಎರಡು ಪಟ್ಟು ಕಂಪನದ ಸ್ವರ ತಪ್ಪಿಸಿಕೊಳ್ಳುತ್ತದೆ: 50ರಲ್ಲಿ 44 (22ರ ಎರಡು ಪಟ್ಟು) ಕಳೆದರೆ 6 ಮಾತ್ರ, ಅಲೆ ಮತ್ತೆ ವೇಗ. ಅದನ್ನು ಹೀರಲು ಕೊಳವೆಯ ಒಳಗೋಡೆಗೆ ತೂತುತೂತಿನ ಪದರ ಹಾಕಿರುತ್ತಾರೆ.