ಹೆಬ್ಬೆರಳು ಊದಿದ್ದು ಬೇಳೆಯಿಂದಲೇ?

ಪ್ರಶ್ನೆ: ನನಗೆ 46 ವರ್ಷ, ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಕೆಲಸ. ಐದು ವರ್ಷದಿಂದ ಬಿಪಿ, ಎರಡು ವರ್ಷದಿಂದ ಶುಗರ್ ಇದೆ. ಹೋದ ತಿಂಗಳು ನಡುರಾತ್ರಿ ಎಡಗಾಲಿನ ಹೆಬ್ಬೆರಳು ಕೆಂಪಗೆ ಊದಿತು. ಹೊದಿಕೆ ತಾಗಿದರೂ ಜೀವ ಹೋದಂತಾಗುತ್ತಿತ್ತು. ಮೆಡಿಕಲ್ ಶಾಪಿನಲ್ಲಿ ನೋವಿನ ಮಾತ್ರೆ ತಂದು ನುಂಗಿದೆ, ಐದಾರು ದಿನಕ್ಕೆ ಇಳಿಯಿತು. ಈಗ ಮತ್ತೆ ಬಂದಿದೆ. ಮನೆಯಲ್ಲಿ ‘ಇದು ವಾಯು, ಬೇಳೆ ಬಿಡು’ ಅನ್ನುತ್ತಾರೆ. ಹೆಂಡತಿಗೆ ಸೋರಿಯಾಸಿಸ್ ಅನ್ನುವ ಚರ್ಮದ ಕಾಯಿಲೆ ಇದೆ, ಅವಳಿಗೂ ಕೈಬೆರಳು ಊದುತ್ತಿವೆ. ಇಬ್ಬರದೂ ಒಂದೇ ಕಾಯಿಲೆಯೇ?

ಉತ್ತರ: ಅಲ್ಲ ಅನಿಸುತ್ತದೆ. ಮೊದಲು ನಿಮ್ಮದು ನೋಡೋಣ.

ನೀವು ಬರೆದ ಲಕ್ಷಣ ಗೌಟ್ ಎಂಬ ಕೀಲುಬೇನೆಗೆ ಚೆನ್ನಾಗಿ ಹೊಂದುತ್ತದೆ. ರಕ್ತದಲ್ಲಿ ಯೂರಿಕ್ ಆಮ್ಲ ಎಂಬ ತ್ಯಾಜ್ಯ ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂ ದಾಟಿದರೆ ಅದು ಸಣ್ಣ ಹರಳಾಗಿ ಕೀಲಿನಲ್ಲಿ ಕೂರಬಹುದು. ಹೆಬ್ಬೆರಳು ದೇಹದ ತಣ್ಣಗಿನ ಭಾಗ, ಹಾಗಾಗಿ ಅಲ್ಲೇ ಜಾಸ್ತಿ. ಪಾಪ, ಬೇಳೆಯ ತಪ್ಪು ಇದರಲ್ಲಿ ಏನೂ ಇಲ್ಲ. ರೊಟ್ಟಿ ಜೊತೆ ಬೇಳೆ, ಶೇಂಗಾ ಚಟ್ನಿ ಧಾರಾಳವಾಗಿ ತಿನ್ನಿ. ಬಿಡಬೇಕಾದದ್ದು ಬಿಯರ್, ಬೋಟಿ, ಲಿವರ್, ಸಿಹಿ ಕೂಲ್‌ಡ್ರಿಂಕ್ಸ್.

ನಾನು ಊಟಕ್ಕಿಂತ ನಿಮ್ಮ ಬಿಪಿ, ಶುಗರ್ ಕಡೆಗೇ ನೋಡುತ್ತೇನೆ. ಯೂರಿಕ್ ಆಮ್ಲದ ಬಹುಪಾಲನ್ನು ಹೊರಹಾಕುವುದು ಕಿಡ್ನಿ. ಬಿಪಿ, ಶುಗರ್, ಬೊಜ್ಜು ಇದ್ದವರಲ್ಲಿ ಆ ಕೆಲಸ ನಿಧಾನವಾಗುತ್ತದೆ. ಕಿಡ್ನಿಯೇ ಸೋತಿದ್ದರಂತೂ ಕೇಳುವುದೇ ಬೇಡ. ಇನ್ನೊಂದು, ಬಿಪಿ ಮಾತ್ರೆಯ ಶೀಟಿನ ಹಿಂದೆ ಓದಿ. ಹೈಡ್ರೋಕ್ಲೋರೋಥಯಜೈಡ್ ಅಥವಾ ಕ್ಲೋರ್‌ಥ್ಯಾಲಿಡೋನ್ ಅಂತಿದ್ದರೆ ಅದೂ ಯೂರಿಕ್ ಆಮ್ಲ ಏರಿಸುತ್ತದೆ. ನೀವೇ ನಿಲ್ಲಿಸಬೇಡಿ. ಬದಲಿಸಬಹುದೇ ಅಂತ ಡಾಕ್ಟರನ್ನು ಕೇಳಿ. ಲೊಸಾರ್ಟನ್ ಎಂಬ ಬಿಪಿ ಮಾತ್ರೆ ಯೂರಿಕ್ ಆಮ್ಲವನ್ನು ಸ್ವಲ್ಪ ಇಳಿಸುತ್ತದೆ. ರಾಯಚೂರು ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಗಿರಣಿಯಲ್ಲಿ ಬೆವರಿ, ನೀರು ಕುಡಿಯುವುದನ್ನು ಮರೆತರೂ ನೋವು ಕೆರಳಬಹುದು.

ನೋವಿನ ಮಾತ್ರೆ ಸುಮ್ನೆ ನುಂಗಬೇಡಿ. ಡೈಕ್ಲೋಫಿನಾಕ್‌ನಂಥವು ಕಿಡ್ನಿಗೆ ಪೆಟ್ಟು ಕೊಡುತ್ತವೆ, ನಿಮಗಂತೂ ಬಿಪಿ, ಶುಗರ್ ಎರಡೂ ಇವೆ. ಕಿಡ್ನಿ ಹೇಗಿದೆ ಅಂತ ತಿಳಿಯಲು ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಊತ ಇದ್ದಾಗ ಯೂರಿಕ್ ಆಮ್ಲ ಕೆಲವೊಮ್ಮೆ ಸರಿಯಾಗಿಯೇ ಕಾಣುತ್ತದೆ. ಊತ ಇಳಿದು ಎರಡು ವಾರ ಆದ ಮೇಲೆ ಮತ್ತೊಮ್ಮೆ ನೋಡಿಸಿ. ನೋವು ಪದೇ ಪದೇ ಬರುತ್ತಿದ್ದರೆ ಯೂರಿಕ್ ಆಮ್ಲವನ್ನು 6ಕ್ಕಿಂತ ಕೆಳಗಿಡುವ ಮಾತ್ರೆ ವರ್ಷಗಟ್ಟಲೆ ಬೇಕಾಗುತ್ತದೆ.

ನಿಮ್ಮ ಹೆಂಡತಿಯ ವಿಷಯ ಬೇರೆ. ಸೋರಿಯಾಸಿಸ್ ಇದ್ದವರಲ್ಲಿ ಸುಮಾರು ಐವರಿಗೆ ಒಬ್ಬರಂತೆ ಕೀಲುಗಳೂ ಊದುತ್ತವೆ. ಬೆರಳು ಪೂರ್ತಿ ದಪ್ಪಗಾಗಿದೆಯೇ? ಉಗುರಿನ ಮೇಲೆ ಸೂಜಿ ಚುಚ್ಚಿದಂಥ ಗುಳಿಗಳಿವೆಯೇ? ಬೆಳಗ್ಗೆ ಎದ್ದಾಗ ಅರ್ಧ ಗಂಟೆಗಿಂತ ಜಾಸ್ತಿ ಹೊತ್ತು ಬಿಗಿತ ಇರುತ್ತದೆಯೇ? ಇದ್ದರೆ ಚರ್ಮದ ಡಾಕ್ಟರಿಗೆ ತಪ್ಪದೆ ಹೇಳಲಿ, ಕೀಲುರೋಗ ತಜ್ಞರನ್ನೂ ಕಾಣಲಿ. ತಡ ಮಾಡಿದರೆ ಬೆರಳು ಸೊಟ್ಟಗಾಗಬಹುದು, ಆಮೇಲೆ ಸರಿಪಡಿಸುವುದು ಕಷ್ಟ.

ಯಾರಿಗೇ ಆಗಲಿ, ಒಂದೇ ಕೀಲು ಊದಿ ಜೊತೆಗೆ ಚಳಿಜ್ವರ ಬಂದರೆ ಅದು ಕೀಲಿನೊಳಗಿನ ಸೋಂಕಿರಬಹುದು. ಶುಗರ್ ಇದ್ದವರಿಗೆ ಈ ಅಪಾಯ ಜಾಸ್ತಿ. ಅವತ್ತೇ ಆಸ್ಪತ್ರೆಗೆ ಹೋಗಿ.