ಹೊಂಡಕ್ಕೆ ಕೊರವ ಬಿಟ್ಟವರಿಗೆ

ಕಾಟ್ಲಾ, ರೋಹು ಮೀನುಮರಿಗಳಿರುವ ಕೃಷಿ ಹೊಂಡಕ್ಕೆ ಕೊರವ (ಮುರ್ರೆಲ್) ಎಂಬ ಬೇಟೆಗಾರ ಮೀನನ್ನೂ ಬಿಟ್ಟು, ‘ಇದಕ್ಕೆ ಮೇವಿನ ಖರ್ಚಿಲ್ಲ, ಸಣ್ಣ ಮೀನು ತಿಂದುಕೊಂಡು ಬೆಳೆಯುತ್ತದೆ, ದರವೂ ಹೆಚ್ಚು’ ಎಂದು ತಾವು ಬರೆದಿರುವುದನ್ನು ಓದಿ ಸುಮ್ಮನಿರಲಾಗಲಿಲ್ಲ, ಏಕೆಂದರೆ ಇದೇ ಲೆಕ್ಕವನ್ನು ನಾನೂ ಒಮ್ಮೆ ಹಾಕಿದ್ದೆ. ಬಿಟ್ಟದ್ದು ನೂರೈವತ್ತು ಕೊರವ ಮರಿ. ಹತ್ತು ತಿಂಗಳ ಮೇಲೆ ಬಲೆ ಎಳೆದಾಗ ಸಿಕ್ಕಿದ್ದು ಇಪ್ಪತ್ತೆರಡು. ಅವುಗಳಲ್ಲಿ ಒಂದರ ಹೊಟ್ಟೆ ಸೀಳಿದಾಗ ಒಳಗಿದ್ದದ್ದು ಗೇಣುದ್ದದ ಇನ್ನೊಂದು ಕೊರವ! ಕಾಟ್ಲಾ ಮರಿಗಳಂತೂ ಲೆಕ್ಕಕ್ಕೇ ಸಿಗಲಿಲ್ಲ.

ಪಾಚಿಯು ಬಿಸಿಲಿನಿಂದ ಕಟ್ಟಿಕೊಂಡ ಶಕ್ತಿಯನ್ನು ಸಾವಿರ ಪಾಲೆಂದು ಹಿಡಿದರೆ, ಅದನ್ನು ತಿನ್ನುವ ಪ್ರಾಣಿಪ್ಲವಕಗಳ (ನೀರಲ್ಲಿ ತೇಲುವ ಅತಿ ಸಣ್ಣ ಪ್ರಾಣಿಗಳ) ಮೈಗೆ ಹತ್ತುವುದು ನೂರು, ಅವುಗಳನ್ನು ತಿನ್ನುವ ಕಾಟ್ಲಾಕ್ಕೆ ಹತ್ತು, ಕಾಟ್ಲಾ ಮರಿಯನ್ನು ನುಂಗುವ ಕೊರವಕ್ಕೆ ಒಂದು. ಉಳಿದದ್ದೆಲ್ಲ ಉಸಿರಾಟ, ಓಡಾಟ, ಹಿಕ್ಕೆಗಳಲ್ಲಿ ಕಳೆದುಹೋಗುತ್ತದೆ. 1942ರಲ್ಲಿ ಪರಿಸರ ವಿಜ್ಞಾನಿ ರೇಮಂಡ್ ಲಿಂಡೆಮನ್ ಅವರು ಅಮೆರಿಕದ ಮಿನ್ನೆಸೊಟಾದ ಪುಟ್ಟ ಕೆರೆಯೊಂದನ್ನು ಅಧ್ಯಯನ ಮಾಡಿ ತೋರಿಸಿದ ದಾರಿ ಇದು. ಹತ್ತಕ್ಕೊಂದು ಎಂಬುದು ಸ್ಥೂಲ ಅಂದಾಜು, ಹೊಂಡದಿಂದ ಹೊಂಡಕ್ಕೆ ಹೆಚ್ಚುಕಡಿಮೆಯಾಗುತ್ತದೆ; ಆದರೆ ಕೊರವದ ದರ ಎರಡು ಮೂರು ಪಟ್ಟಿದ್ದರೂ ಹತ್ತು ಪಟ್ಟಿನ ನಷ್ಟ ತುಂಬುವುದಿಲ್ಲ. ಗುಳಿಗೆ ಮೇವು ಹಾಕಿ ಪ್ರತ್ಯೇಕವಾಗಿ ಸಾಕುವವರ ಮಾತು ಬೇರೆ, ಅಲ್ಲಿ ಶಕ್ತಿ ಬರುವುದು ಚೀಲದಿಂದ.

ನನಗೆ ಕೈಹಿಡಿದದ್ದು ಹುಲ್ಲುಗೆಂಡೆ (ಗ್ರಾಸ್ ಕಾರ್ಪ್) ಮೀನು. ಬದುವಿನ ನೇಪಿಯರ್ ಹುಲ್ಲನ್ನು ಕತ್ತರಿಸಿ ಬಿದಿರಿನ ಚೌಕಟ್ಟಿನೊಳಗೆ ತೇಲಿಬಿಟ್ಟರೆ ಅದು ಗರಗರನೆ ಮೇಯುತ್ತದೆ. ಮೇದದ್ದರಲ್ಲಿ ಅರ್ಧದಷ್ಟೂ ಜೀರ್ಣವಾಗದೆ ಹಿಕ್ಕೆಯಾಗಿ ಬೀಳುವುದರಿಂದ ನೀರಿಗೆ ಗೊಬ್ಬರವೂ ಆಗುತ್ತದೆ. ಜೊತೆಗೆ ಪಾಚಿಯನ್ನೇ ಸೋಸಿ ತಿನ್ನುವ ಬೆಳ್ಳಿಗೆಂಡೆ (ಸಿಲ್ವರ್ ಕಾರ್ಪ್) ಇರಲಿ. ತಳದ ಕೊಳೆ ತಿನ್ನುವ ಮೃಗಾಲನ್ನು ಮಾತ್ರ ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ಹಾಗೇ ಬಿಡಬೇಡಿ. ಮೊದಲು ಅರ್ಧ ಅಡಿ ಮಣ್ಣು ಹರಡಬೇಕು.

ನೀರಲ್ಲಿ ಪಾಚಿ ಬೆಳೆಯಲು ಸಗಣಿಯನ್ನು ಗೋಣಿಚೀಲದಲ್ಲಿ ಕಟ್ಟಿ ಮೂಲೆಯಲ್ಲಿ ಇಳಿಬಿಟ್ಟರೆ ಸಾಕು. ಇಷ್ಟಿದ್ದೂ ‘ನೀರು ಹಸಿರಾಗಿಸುವ’ ಡಬ್ಬಿಗಳಿಗೆ ಸಾವಿರಾರು ರೂಪಾಯಿ ಸುರಿಯುವವರನ್ನು ಕಂಡರೆ ಸಿಟ್ಟು ಬರುತ್ತದೆ. ನೀರಿಗಿಳಿಸಿದ ಅಂಗೈ, ಮೊಣಕೈ ಮುಳುಗುವ ಮೊದಲೇ ಕಾಣದಾದರೆ ಸಗಣಿ ನಿಲ್ಲಿಸಿ. ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರಂತೂ ಅಂದೇ ಹೊಸ ನೀರು ಬಿಡಿ.

ಬಿಟ್ಟಾಗಿರುವ ಕೊರವಗಳನ್ನು ಕಪ್ಪೆಮರಿ ಸಿಕ್ಕಿಸಿದ ಗಾಳದಿಂದ ಈಗಲೇ ಹಿಡಿಯತೊಡಗಿ. ನೀರು ಇಳಿಸಿದರೆ ಸಾಯುತ್ತವೆಂದು ಕಾಯಬೇಡಿ. ಗಾಳಿಯನ್ನೂ ಉಸಿರಾಡುವ ಮೀನಾದ್ದರಿಂದ ಮಳೆಯ ರಾತ್ರಿ ಏರಿ ಹತ್ತಿ ಪಕ್ಕದವರ ಗದ್ದೆ ಸೇರಿಬಿಡುತ್ತದೆ.